ಲೆಕ್ಕಕ್ಕೆ ಸಿಗದ ಕಡಬು

ನಮ್ಮ ಜಿಲ್ಲೆಯ ನಾಲ್ಕು ಮಂದಿಯನ್ನು ಎಲ್ಲಿ ಕೂಡಿಸಿದರೂ ಏನಾದರೊಂದು ಆಗುತ್ತದೆ. ಸಂತೆಯಲ್ಲಿ ಕೂಡಿಸಿದರೂ ಆಗುತ್ತದೆ, ಯುದ್ಧದಲ್ಲಿ ಕೂಡಿಸಿದರೂ ಆಗುತ್ತದೆ. ನಾನು ಎರಡನ್ನೂ ನೋಡಿದ್ದೇನೆ.

ಫೌಜಿನಿಂದ ನಿವೃತ್ತನಾಗಿ ಮುದ್ದೇಬಿಹಾಳಕ್ಕೆ ಬಂದು ಬಹಳ ವರ್ಷವಾಯಿತು. ಚಹಾದಂಗಡಿಯಲ್ಲಿ ಕೂತರೆ ಯಾರಾದರೂ ಕೇಳುತ್ತಾರೆ.

"ಪರದೇಶದ ಲಡಾಯಿ ನೋಡಿ ಬಂದೀರಂತಲ್ರಿ. ಹೆಂಗಿತ್ರಿ?"

"ಥಂಡಿ ಇತ್ತು" ಎನ್ನುತ್ತೇನೆ.

ಇನ್ನೂ ಏನೋ ಬರುತ್ತದೆ ಎಂದು ಅವರು ಕಾಯುತ್ತಾರೆ. ನಾನು ಚಹಾ ಕುಡಿಯುತ್ತೇನೆ. ಮುಗಿದ ಮೇಲೆ ಎದ್ದು ಹೋಗುತ್ತೇನೆ. ಮಾತಾಡಲು ನನಗೆ ಬೇಸರ. ಬರೆಯಲು ಅಷ್ಟು ಬೇಸರವಿಲ್ಲ. ಬರೆಯುವಾಗ ಯಾರೂ ನಡುವೆ ಬಾಯಿ ಹಾಕುವುದಿಲ್ಲ.

ಅದು ಅರಬ್ಬಿ ಮಾತಾಡುವ ಒಂದು ಗುಡ್ಡಗಾಡು ದೇಶ. ಅಲ್ಲಿಯ ಮಂದಿ ತಮ್ಮತಮ್ಮಲ್ಲೇ ಎರಡು ಪಾರ್ಟಿಯಾಗಿ ಹೊಡೆದಾಡುತ್ತಿದ್ದರು. ನಡುವೆ ನಿಲ್ಲಲು ಹಲವು ದೇಶಗಳಿಂದ ಸೈನಿಕರನ್ನು ಕರೆಸಿದ್ದರು. ನಮಗೂ ನೀಲಿ ಟೋಪಿ ಕೊಟ್ಟು ಕಳಿಸಿದರು. ಗುಂಡು ಹಾರಿಸಬಾರದು. ಯಾರ ಪಕ್ಷವನ್ನೂ ಹಿಡಿಯಬಾರದು. ನೋಡುತ್ತಿರಬೇಕು. ಇದು ಹುಕುಂ.

ಗುಡ್ಡದ ಮೇಲೆ ಒಂದು ಪಾರ್ಟಿಯ ಚೌಕಿ. ಗುಡ್ಡದ ಬುಡಕ್ಕೆ ಇನ್ನೊಂದರದ್ದು. ನಡುವೆ ನಮ್ಮ ಕ್ಯಾಂಪು. ನಮ್ಮ ತಂತಿ ಬೇಲಿಗೆ ಅಂಟಿಕೊಂಡು ಒಂದು ಹೊಲ, ಬೀಳು ಬಿದ್ದದ್ದು.

ನಾನು ಸುಬೇದಾರ. ನನ್ನ ಕೈಕೆಳಗೆ ನಮ್ಮ ಜಿಲ್ಲೆಯವರೇ ಮೂವರು ಬಂದು ಸೇರಿದ್ದರು. ಲಂಗರಿನಲ್ಲಿ, ಅಂದರೆ ಅಡುಗೆಮನೆಯಲ್ಲಿ, ಸಿಂದಗಿಯವನು. ಡ್ರೈವರ್ ಇಂಡಿಯವನು. ಪಹರೆಗೆ ಬಸವನ ಬಾಗೇವಾಡಿಯವನು. ನಾವು ಒಬ್ಬರನ್ನೊಬ್ಬರು ಊರಿನ ಹೆಸರಿನಿಂದಲೇ ಕರೆಯುತ್ತಿದ್ದೆವು. ಪರೇಡಿನಲ್ಲಿ ಅವರು ನನಗೆ ಸಾಹೇಬ್ರ ಅನ್ನುತ್ತಿದ್ದರು, ಲಂಗರಿನಲ್ಲಿ ಕಾಕಾ. ಎಲ್ಲರ ಮೇಲೆ ಒಬ್ಬರು ಮೇಜರ್ ಸಾಹೇಬರು, ಉತ್ತರದ ಕಡೆಯವರು. ಅವರೊಡನೆ ಹಿಂದಿಯಲ್ಲಿ ಆದ ಮಾತನ್ನೂ ಕನ್ನಡದಲ್ಲೇ ಬರೆದಿದ್ದೇನೆ.

ಒಳಗಿನ ಸೆಲ್ಯೂಟ್

ಬಾಗೇವಾಡಿಗೆ ಗೊತ್ತಿದ್ದ ದೊಡ್ಡ ಥಂಡಿ ಎಂದರೆ ಚಳಿಗಾಲದ ಮುಂಜಾನೆ ಬೈಕಿನ ಮೇಲೆ ನಮ್ಮ ಕಡೆಯ ಕೊಲ್ಹಾರದ ಹೊಳೆ ಸೇತುವೆ ದಾಟುವುದು. ಅದನ್ನು ಅವನು ಎಲ್ಲರಿಗೂ ಹೇಳಿಕೊಂಡಿದ್ದ. "ನಾ ಕೊಲ್ಹಾರ ಬ್ರಿಜ್ ದಾಟಿದಾಂವ, ನನಗೇನ್ ಥಂಡಿ?"

ಒಂದು ಬೆಳಗ್ಗೆ ಹಿಮ ಬಿತ್ತು. ಜೆರಿಕ್ಯಾನಿನ ನೀರನ್ನು ಸುತ್ತಿಗೆಯಿಂದ ಒಡೆದು ಚಹಾಕ್ಕೆ ಇಡಬೇಕಾಯಿತು. ಮೊಟ್ಟೆ ಕಲ್ಲು. ಉಳ್ಳಾಗಡ್ಡಿ ಕಲ್ಲು. ಹಲ್ಲುಜ್ಜುವ ಪೇಸ್ಟೂ ಕಲ್ಲು. ಬಾಗೇವಾಡಿ ಕೊಲ್ಹಾರದ ಹೆಸರು ಎತ್ತಲಿಲ್ಲ. ಇದ್ದ ಬನಿಯನ್ನು, ಇದ್ದ ಸ್ವೆಟರು ಎಲ್ಲ ಹಾಕಿಕೊಂಡ. ಅದರ ಮೇಲೆ ಅವರವ್ವ ಹೊಲಿದು ಕಳಿಸಿದ್ದ ಕೌದಿ ಸುತ್ತಿಕೊಂಡ. ಅದರ ಮೇಲೆ ಸರ್ಕಾರದ ಕೋಟು. ಗುಂಡಿ ಹಾಕಲು ಇಬ್ಬರು ಬೇಕಾಯಿತು. ಪಹರೆಯ ಜಾಗಕ್ಕೆ ಅವನು ನಡೆದು ಹೋಗಲಿಲ್ಲ, ನಾವು ಒಯ್ದು ನಿಲ್ಲಿಸಿದೆವು.

ಅವನ ಜೇಬಿನಲ್ಲಿ ತಿನ್ನಲು ಯಾವಾಗಲೂ ಏನಾದರೂ ಇರುತ್ತಿತ್ತು. ಆ ದಿನ ಹುರಿದ ಶೇಂಗಾ ಇತ್ತು. ಆದರೆ ಕೈ ಜೇಬಿಗೆ ಮುಟ್ಟುತ್ತಿರಲಿಲ್ಲ. ಮುಖ ಸಣ್ಣದು ಮಾಡಿಕೊಂಡು ನಿಂತಿದ್ದ.

ಮೇಜರ್ ಸಾಹೇಬರು ಬಂದರು. ಅವನ ಎದುರು ನಿಂತರು. ಬಾಗೇವಾಡಿ ಅಲುಗಲಿಲ್ಲ.

"ಸೆಲ್ಯೂಟ್ ಎಲ್ಲಿ?" ಎಂದು ಗದರಿದರು.

"ಹೊಡದೇನ್ರಿ ಸಾಹೇಬ್ರ."

"ನನಗೆ ಕಾಣಲಿಲ್ಲವಲ್ಲ!"

"ಕೌದಿ ಒಳಗ ಹೊಡದೇನ್ರಿ. ಕೈ ಹೊರಗ ಬರವಲ್ದು."

ನಾಳಿ

ಇಂಡಿಯವನದು ಮುಸಲ್ಮಾನ ಮನೆತನ. ಚಿಕ್ಕವನಿದ್ದಾಗ ಕುರಾನ್ ಓದಲು ಕಲಿತಿದ್ದ. ಮೇಜರ್ ಸಾಹೇಬರಿಗೆ ಇದು ಗೊತ್ತಾದದ್ದೇ ತಡ, ಅವನನ್ನು ದುಭಾಷಿ ಮಾಡಿಬಿಟ್ಟರು.

"ಸಾಹೇಬ್ರ, ನನಗ ಓದಾಕಷ್ಟ ಬರತೈತ್ರಿ. ಮಾತಾಡಾಕ ಬರೂದಿಲ್ರಿ. ಮನ್ಯಾಗ ನಾವು ಕನ್ನಡ ಮಾತಾಡೂ ಮಂದಿ."

"ಓದಲು ಬಂದವನಿಗೆ ಮಾತು ಬರುವುದಿಲ್ಲವೇ? ನಡಿ ಗೇಟಿಗೆ."

ಗೇಟಿನಲ್ಲಿ ಒಬ್ಬ ಮುದುಕ ನಿಂತಿದ್ದ. ಜೊತೆಗೆ ಒಂದು ಹೇಸರಗತ್ತೆ. ಇಂಡಿ ಸಲಾಂ ಹೇಳಿದ. ಮುದುಕನಿಗೆ ಖುಷಿಯಾಯಿತು. ಶುರು ಮಾಡಿದ. ಮೇಜರ್ ಸಾಹೇಬರ ಕೈಯಲ್ಲಿದ್ದ ಚಹಾ ಆರಿ ಹೋದರೂ ನಿಲ್ಲಿಸಲಿಲ್ಲ. ಹೊಲದ ಕಡೆ ಕೈ ಮಾಡಿದ. ಗುಡ್ಡದ ಮೇಲೆ ಮಾಡಿದ. ಕೆಳಗೆ ಮಾಡಿದ. ನೇಗಿಲ ಹಿಡಿದಂತೆ ನಟಿಸಿದ. ಜೇಬಿನಿಂದ ಒಂದು ಹಿಡಿ ಕಡಲೆ ತೆಗೆದು ತೋರಿಸಿದ. ಹಣೆ ಹಣೆ ಬಡಿದುಕೊಂಡ. ಇಂಡಿ ಕನ್ನಡದಲ್ಲೇ "ಹೌದ್ರಿ", "ಖರೇ ಐತ್ರಿ", "ಇವರೆಲ್ಲಿ ಕೇಳತಾರ್ರಿ" ಎನ್ನುತ್ತ ಗೋಣು ಹಾಕುತ್ತಿದ್ದ.

"ಏನಂತಾನೆ?" ಎಂದರು ಮೇಜರ್ ಸಾಹೇಬರು.

ಇಂಡಿ ಉಸಿರು ತಗೊಂಡು ಹೇಳಿದ. "ಈ ಹೊಲ ಅವಂದ್ರಿ. ಗಳೇ ಹೊಡ್ಯಾಕತ್ತಾಗ ಲಡಾಯಿ ಸುರು ಆತು. ನೇಗಿಲ ಅಲ್ಲೇ ಬಿಟ್ಟು ಓಡಿದ. ಅದರ ಕಟಗಿ ಯಾರೋ ಒಯ್ದು ಬೆಂಕಿ ಕಾಸಿದ್ರು, ಕಬ್ಬಿಣದ ಕುಳ ಹೊಲದಾಗ ಎಲ್ಲೋ ಉಳೀತು. ಈಗ ಮೇಲಿನವರು, ಕೆಳಗಿನ ಮಂದಿ ಹೊಲದಾಗ ಬಾಂಬ್ ಹುಗದಾರ ಅಂತಾರ. ಕೆಳಗಿನವರು, ಮೇಲಿನ ಮಂದಿ ಹುಗದಾರ ಅಂತಾರ. ಯಾರೂ ಒಳಗ ಹೋಗಿ ನೋಡವಲ್ರು. ಥಂಡಿ ಮುಗಿಯೂದರಾಗ ಹೊಲ ಹಸನ ಮಾಡಿ ಕಡ್ಲಿ ಬಿತ್ತಬೇಕು. ಈ ಸಲಾನೂ ಬೀಳು ಬಿದ್ದರ ಹೆಂಡ್ತಿನ್ನ ಕರಕೊಂಡು ನಿರಾಶ್ರಿತರ ಗುಡಾರಕ್ಕ ಹೋಗಬೇಕು. ಅಲ್ಲಿ ಹೇಸರಗತ್ತಿ ಒಳಗ ಬಿಡೂದಿಲ್ಲಂತ. ಅದಕ್ಕ ಹನ್ನೆರಡು ವರ್ಷ ಆಗ್ಯಾವು."

ಮೇಜರ್ ಸಾಹೇಬರು ಬೆರಗಾದರು. "ಅರಬ್ಬಿ ಬರುವುದಿಲ್ಲ ಅಂದೆ?"

"ಬರೂದಿಲ್ರಿ. ನಮ್ಮಪ್ಪ ಕಚೇರಿ ಬಾಗಲದಾಗ ನಿಂತು ಹಿಂಗ ಕೈ ತಿರುವತಿದ್ದ. ಎಲ್ಲಾ ತಿಳಿತೈತಿ."

ಮುಂದೆ ದೊಡ್ಡ ಕ್ಯಾಂಪಿನಿಂದ ನಿಜವಾದ ದುಭಾಷಿ ಬಂದು ಕೇಳಿ ನೋಡಿದ. ಇಂಡಿ ಹೇಳಿದ್ದರಲ್ಲಿ ಹೇಸರಗತ್ತೆಯ ವಯಸ್ಸು ಮಾತ್ರ ತಪ್ಪಿತ್ತು.

ಆದರೆ ನಮ್ಮ ಕೈಯಲ್ಲಿ ಏನೂ ಇರಲಿಲ್ಲ. ಎರಡೂ ಪಾರ್ಟಿ ಒಪ್ಪದೆ ಆ ಹೊಲಕ್ಕೆ ನಾವು ಕಾಲಿಡುವಂತಿಲ್ಲ. ಇಬ್ಬರೂ ಒಪ್ಪಲಿಲ್ಲ. ಮುದುಕ ದಿನಾ ಬರುತ್ತಿದ್ದ. ಹೊಲದ ಕಡೆ ನೋಡಿ, ಹುಬ್ಬು ಏರಿಸಿ, ಇವತ್ತು ಆಗುತ್ತದೆಯೇ ಎಂದು ಕೇಳುತ್ತಿದ್ದ. ಇಂಡಿ ಕೈ ಮುಂದಕ್ಕೆ ಚಾಚಿ "ನಾಳಿ" ಅನ್ನುತ್ತಿದ್ದ. ದಿನಾ ಅದೇ.

ಕೆಲವು ದಿನಗಳಲ್ಲಿ ಮುದುಕ ಅವನನ್ನು ಹಾಗೇ ಕರೆಯತೊಡಗಿದ. ಗೇಟಿನಲ್ಲಿ ನಿಂತು ದೊಡ್ಡ ದನಿಯಲ್ಲಿ ಕೂಗುತ್ತಿದ್ದ. "ಏ ನಾಳೀ!"

ಇಂಡಿ "ಬಂದೇರೀ" ಎಂದು ಓಡುತ್ತಿದ್ದ.

ಮುರಿದ ರೊಟ್ಟಿ

ಸಿಂದಗಿಯವನು ಊರಿನಿಂದ ಬರುವಾಗ ಒಂದು ಟ್ರಂಕ್ ತುಂಬ ಕಟಕ ರೊಟ್ಟಿ ತಂದಿದ್ದ. ಒಣಗಿಸಿದ ಜೋಳದ ರೊಟ್ಟಿ. ತಿಂಗಳುಗಟ್ಟಲೆ ಕೆಡುವುದಿಲ್ಲ. ಅದರ ಮೇಲೆ ಶೇಂಗಾ ಚಟ್ನಿಯ ಡಬ್ಬಿ.

ಟ್ರಂಕ್ ಜೀಪಿನಲ್ಲಿಟ್ಟುಕೊಂಡು ಮೇಲಿನ ಚೌಕಿ ದಾಟುವಾಗ ಅವರ ಕಮಾಂಡರ್ ನಿಲ್ಲಿಸಿದ. ಗಡ್ಡದ ದೊಡ್ಡ ಆಳು. ಮುಚ್ಚಳ ತೆಗೆಸಿದ. ಒಂದರ ಮೇಲೊಂದು ದುಂಡನೆಯ, ತೆಳ್ಳನೆಯ, ಗಟ್ಟಿ ತಟ್ಟೆಗಳು. ಬೆರಳಿನಿಂದ ಬಡಿದ. ಸದ್ದಾಯಿತು. ಎರಡು ಹೆಜ್ಜೆ ಹಿಂದೆ ಸರಿದ.

"ಏನಿದು?"

"ರೊಟ್ಟಿ" ಎಂದ ಸಿಂದಗಿ.

ಅವರ ರೊಟ್ಟಿ ಕರವಸ್ತ್ರದ ಹಾಗೆ ಮಡಚಿಕೊಳ್ಳುತ್ತದೆ. ಇದನ್ನು ನಂಬಲಿಲ್ಲ. ತಿಂದು ತೋರಿಸು ಎಂದು ಸನ್ನೆ ಮಾಡಿದ. ಸಿಂದಗಿ ಒಂದನ್ನು ಎತ್ತಿ ಫಟ್ ಎಂದು ಮುರಿದ. ಹಿಂದೆ ನಿಂತಿದ್ದ ಸೈನಿಕ ನೆಲಕ್ಕೆ ಮಲಗಿಬಿಟ್ಟ.

ಆಮೇಲೆ ಕಮಾಂಡರ್ ಚಟ್ನಿ ಹಚ್ಚಿಕೊಂಡು ತಿಂದ. ಕಣ್ಣಲ್ಲಿ ನೀರು, ಮೂಗಿನಲ್ಲಿ ನೀರು. ಇನ್ನೊಂದು ಕೇಳಿದ. ಅಂದಿನಿಂದ ಆ ಚೌಕಿ ದಾಟಬೇಕಾದರೆ ರೊಟ್ಟಿ ಕೊಡಲೇಬೇಕು.

ಇದನ್ನು ಕೆಳಗಿನ ಚೌಕಿಯವರು ದುರ್ಬೀನಿನಲ್ಲಿ ನೋಡಿದರು. ಅವರ ಕಮಾಂಡರ್ ಸಣ್ಣ ಆಳು, ಕನ್ನಡಕ. ನೇರ ಮೇಜರ್ ಸಾಹೇಬರಲ್ಲಿಗೆ ಬಂದ. "ಅವರಿಗೆ ಕೊಟ್ಟಿರಿ, ನಮಗಿಲ್ಲ. ನೀವು ಯಾರ ಪಕ್ಷ?" ಎಂದ.

ಮೇಜರ್ ಸಾಹೇಬರು ಸಿಂದಗಿಯನ್ನು ಕರೆಸಿದರು. "ಇವತ್ತಿನಿಂದ ಇಬ್ಬರಿಗೂ ಸಮ. ಚಟ್ನಿಯೂ ಸಮ."

ಸರಿ, ಕಳಿಸಿದೆವು. ಮರುದಿನ ಕನ್ನಡಕದ ಕಮಾಂಡರ್ ಮತ್ತೆ ಬಂದ. ಕೈಯಲ್ಲಿ ಪೊಟ್ಟಣ. ಬಿಚ್ಚಿ ತೋರಿಸಿದ. ರೊಟ್ಟಿ ಎಲ್ಲ ಚೂರುಚೂರು. "ಮೇಲಿನವರಿಗೆ ಇಡಿಯವು, ನಮಗೆ ಒಡಕಲು. ಇದರ ಅರ್ಥವೇನು?"

ಅಷ್ಟೊತ್ತಿಗೆ ಇಂಡಿ ಹರಕುಮುರುಕು ಅರಬ್ಬಿ ಕಲಿತಿದ್ದ. ಏನು ಹೇಳಲಿ ಎಂದು ಸಿಂದಗಿಯ ಮುಖ ನೋಡಿದ.

ಸಿಂದಗಿ ಕೈಯಲ್ಲಿದ್ದ ಸೌಟು ಕೆಳಗಿಡಲಿಲ್ಲ. "ರೊಟ್ಟಿ ನಾವು ಮುರದಿಲ್ಲ, ನಿಮ್ಮ ರಸ್ತಾ ಮುರದೈತಿ ಅಂತ ಹೇಳು. ಆ ತೆಗ್ಗು ತೋಡಿದವರ ಯಾರು, ನಾವೇನು?"

ರಸ್ತೆಯ ತೆಗ್ಗು ಅವರೇ ತೋಡಿದ್ದರು, ಮೇಲಿನವರ ಗಾಡಿ ಬರಬಾರದೆಂದು. ಅದನ್ನು ಮುಚ್ಚಿಸಲು ಮೇಜರ್ ಸಾಹೇಬರು ಎಷ್ಟೋ ಸಲ ಕೇಳಿ ಸೋತಿದ್ದರು.

ಆ ವಾರವೇ ಕೆಳಗಿನ ಚೌಕಿಯವರು ಸಲಿಕೆ ಹಿಡಿದು ತೆಗ್ಗು ಮುಚ್ಚಿದರು.

ಗೆದ್ದ ಹುಮ್ಮಸ್ಸಿನಲ್ಲಿ ಇಂಡಿ ಇಬ್ಬರಿಗೂ ಮುದುಕನ ಹೊಲದ ಮಾತು ಹಾಕಿ ನೋಡಿದ. ಗಡ್ಡದವನು ರೊಟ್ಟಿ ಕಡಿಯುತ್ತ "ಬಾಂಬ್ ಅವರದು" ಎಂದ. ಕನ್ನಡಕದವನು ರೊಟ್ಟಿ ಕಡಿಯುತ್ತ "ಬಾಂಬ್ ಅವರದು" ಎಂದ. ಚಟ್ನಿ ಚೆನ್ನಾಗಿದೆ ಎನ್ನುವುದರಲ್ಲಿ ಮಾತ್ರ ಇಬ್ಬರೂ ಒಂದಾಗಿದ್ದರು.

ಮನೆಗೆ ಫೋನು

ವಾರಕ್ಕೊಮ್ಮೆ ಮನೆಗೆ ಫೋನು ಮಾಡಲು ಬಿಡುತ್ತಿದ್ದರು. ಉಳಿದವರು ಫೋನು ಬಿಸಿಯಾಗುವವರೆಗೆ ಮಾತಾಡುತ್ತಿದ್ದರು. ನಾನು ಮತ್ತು ನನ್ನ ಹೆಂಡತಿ ಹಾಗಲ್ಲ.

"ಹೆಂಗದೀರಿ?"

"ಅದೇನಿ."

"ಉಂಡ್ರೇನು?"

"ಹ್ಞೂಂ."

ಇಷ್ಟರಲ್ಲಿ ಮುಗಿಯುತ್ತಿತ್ತು. ಒಂದು ಸಲ ಅವಳು ಮುಂದುವರಿಸಿದಳು.

"ಅಲ್ಲಿ ಯಾರ ಯಾರ ನಡುವ ಬಡದಾಟರಿ?"

"ಅವರವರ ನಡುವನ. ಅಣ್ತಮ್ಮರಿದ್ದಂಗ."

"ಯಾತರ ಸಲುವಾಗಿ?"

"ನೆಲದ ಸಲುವಾಗಿ."

"ಅದನ್ನ ಬಗಿಹರಸಾಕ ನಿಮ್ಮನ್ನ ಕರಸ್ಯಾರು?"

"ಹ್ಞೂಂ."

"ನಿಮ್ಮ ತಮ್ಮನ ಜೋಡಿ ಬದುವಿನ ಜಗಳ ಇನ್ನಾ ಹಂಗ ಐತಿ, ನೆನಪೈತಿಲ್ಲೋ?"

ಫೋನು ನಾನೇ ಇಟ್ಟೆ.

ಕಾಗೆಗೆ ಉಪ್ಪಿಟ್ಟು

ಚಳಿ ಹೆಚ್ಚಾದಂತೆ ಆ ಸೀಮೆಯ ಕಾಗೆಗಳೆಲ್ಲ ನಮ್ಮ ಲಂಗರಿನ ಮೇಲೆ ಬಂದು ಕೂತವು. ಬೇರೆಲ್ಲೂ ತಿನ್ನಲು ಸಿಗುತ್ತಿರಲಿಲ್ಲ. ಸಿಂದಗಿ ಹಿಟ್ಟು ಕಲಸಿ ತಿರುಗುವುದರೊಳಗೆ ಹಿಟ್ಟು ಮಾಯ. ಬಂದೂಕು ಹಾರಿಸುವಂತಿಲ್ಲ. ಒಂದು ಗುಂಡು ಹಾರಿದರೆ ಮೇಲಿನವರು ಕೆಳಗಿನವರು ಇಬ್ಬರೂ ಶುರು ಮಾಡುತ್ತಾರೆ.

ಸಿಂದಗಿ ಗೋಣಿಚೀಲದ ನಾರು ಬಿಚ್ಚಿ ಒಂದು ಕವಣೆ ಹೆಣೆದ. ಅವನು ಚಿಕ್ಕಂದಿನಿಂದ ಜೋಳದ ಹೊಲದಲ್ಲಿ ಅಟ್ಟದ ಮೇಲೆ ನಿಂತು ಹಕ್ಕಿ ಕಾದವನು. ತಲೆಯ ಮೇಲೆ ಎರಡು ಸುತ್ತು ತಿರುಗಿಸಿ ಬಿಟ್ಟರೆ ಕಲ್ಲು ಅವನು ಹೇಳಿದಲ್ಲಿ ಹೋಗಿ ಬೀಳುತ್ತಿತ್ತು. ಕಾಗೆಗಳು ಓಡಿದವು.

ಮತ್ತೆ ಹಿಮ ಬಿತ್ತು. ಕಲ್ಲುಗಳೆಲ್ಲ ಹಿಮದಡಿ ಹೋದವು. ಕಾಗೆಗಳು ತಿರುಗಿ ಬಂದವು. ಕಲ್ಲಿಲ್ಲ. ಸಿಂದಗಿ ಸುತ್ತಮುತ್ತ ನೋಡಿದ. ಬೆಳಗಿನ ಉಪ್ಪಿಟ್ಟು ಉಳಿದಿತ್ತು. ಉಂಡೆ ಕಟ್ಟಿ ಹೊರಗಿಟ್ಟ. ಸ್ವಲ್ಪ ಹೊತ್ತಿಗೆ ಕಲ್ಲಾಯಿತು. ಕವಣೆಗೆ ಹಾಕಿ ಬೀಸಿದ.

ಮೊದಲ ಉಂಡೆಗೆ ಕಾಗೆಗಳು ಹಾರಿದವು. ಎರಡನೆಯದಕ್ಕೆ ಅದರ ಬೆನ್ನು ಹತ್ತಿ ಹೋದವು. ಮೂರನೆಯದಕ್ಕೆ ಬೇಲಿಯಾಚೆ ಸಾಲಾಗಿ ಕೂತು ಕಾಯತೊಡಗಿದವು. ಮರುದಿನ ಪಕ್ಕದ ಕಣಿವೆಯ ಕಾಗೆಗಳನ್ನೂ ಕರೆದುಕೊಂಡು ಬಂದವು.

ಮೇಜರ್ ಸಾಹೇಬರು ನೋಡಿ ರೇಗಿದರು. "ಕಾಗೆ ಓಡಿಸು ಎಂದರೆ ಊಟಕ್ಕೆ ಹಾಕುತ್ತಿದ್ದೀಯಲ್ಲ!"

"ದೂರ ಹೋಗಿ ತಿಂತಾವಲ್ರಿ ಸಾಹೇಬ್ರ."

ಬಾಗೇವಾಡಿ ಮಾತ್ರ ಬಹಳ ನೊಂದುಕೊಂಡ. "ಕಾಗಿ ಮಕಕ್ಕ ಹೊಡಿಯೂ ಉಪ್ಪಿಟ್ಟು ನನಗ ಹೊಡಿ ಮಾರಾಯ. ನಾ ಬಾಯಿ ತಕ್ಕೊಂಡು ನಿಂದರತೇನಿ."

ಚರಗ

ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಹತ್ತಿರ ಬಂತು. ನಮ್ಮ ಕಡೆ ಆ ದಿನ ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತಾರೆ. ಒಯ್ದ ಅಡುಗೆಯನ್ನು ಮೊದಲು ಹೊಲಕ್ಕೆ ಉಣಿಸುತ್ತಾರೆ. ಒಬ್ಬ ಮುಂದೆ ಕಡಬು, ರೊಟ್ಟಿ ಎಸೆಯುತ್ತ ಕೂಗುತ್ತ ಹೋಗುತ್ತಾನೆ. ಹಿಂದಿನವನು ನೀರು ಚಿಮುಕಿಸುತ್ತ ಮರುಕೂಗು ಕೊಡುತ್ತಾನೆ. ಇದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಆಮೇಲೆ ತಾವು ಉಣ್ಣುತ್ತಾರೆ.

"ಕಾಕಾ, ಚರಗಾ ಚಲ್ಲೂದು ಬ್ಯಾಡೇನ್ರಿ?" ಎಂದ ಸಿಂದಗಿ.

"ಹೊಲ ಎಲ್ಲೈತಿ?"

ಬೇಲಿಯಾಚೆ ಕೈ ತೋರಿಸಿದ.

"ಅದು ಮುದುಕಂದು."

"ಹೂಂ ರೀ. ಎಷ್ಟ ದಿನದಿಂದ ಹಸದೈತಿ ನೋಡ್ರಿ."

ನಾನು ಯೋಚಿಸಿದೆ. "ಬೇಲಿ ಒಳಗ ನಿಂತು ಚಲ್ಲು. ಹೊಲಕ್ಕ ಕಾಲಿಟ್ಟಿ ಅಂದ್ರ ಕಾಲು ನಾನ ಮುರೀತೇನಿ." ಮೇಜರ್ ಸಾಹೇಬರಿಗೆ ಸಣ್ಣ ಪೂಜೆ ಎಂದೆ. ಆಗಲಿ ಎಂದರು.

ಹಿಂದಿನ ದಿನವೇ ಸಿಂದಗಿ ಹೂರಣದ ಕಡಬು ಮಾಡಿದ. ಚರಗಕ್ಕೆಂದು ಇಪ್ಪತ್ತೊಂದನ್ನು ಬೇರೆ ಬುಟ್ಟಿಯಲ್ಲಿಟ್ಟ. ಅವನ ಕಡಬು ಅರ್ಧಚಂದ್ರ ಆಗುತ್ತಿರಲಿಲ್ಲ, ದುಂಡಗೆ ಆಗುತ್ತಿದ್ದವು. ಬುಟ್ಟಿಯನ್ನು ಕಾಗೆಗೆ ಸಿಗದ ಹಾಗೆ ಪಹರೆಯ ಗೂಡಿನಲ್ಲಿಟ್ಟು, ಬಾಗೇವಾಡಿಗೆ ನೋಡಿಕೋ ಎಂದ.

ಮುಂಜಾನೆ ಕಡಬೆಲ್ಲ ಕಲ್ಲಾಗಿದ್ದವು.

ಮುದುಕನನ್ನೂ ಕರೆದಿದ್ದೆವು. ಹೇಸರಗತ್ತೆಯೊಂದಿಗೆ ಬಂದ. ಬೇಲಿಯ ಹತ್ತಿರ ನಿಂತೆವು. ಸಿಂದಗಿ ಮೊದಲ ಕಡಬು ಕೈಯಿಂದ ಎಸೆದ. ಬೇಲಿಯ ಬುಡದಲ್ಲೇ ಬಿತ್ತು. ಅವನ ಮುಖ ಗಂಟಾಯಿತು.

"ಕಾಕಾ, ದಂಡಿಗಷ್ಟ ಉಣಿಸಿದ್ರ ಹೆಂಗ್ರಿ? ನಡುಹೊಲ ಉಪಾಸ ಉಳೀತೈತಿ."

ನಾನು ಏನಾದರೂ ಅನ್ನುವುದರೊಳಗೆ ಸೊಂಟದಿಂದ ಕವಣೆ ತೆಗೆದಿದ್ದ. ಕಡಬು ಇಟ್ಟ. ತಲೆಯ ಮೇಲೆ ತಿರುಗಿಸಿದ. "ಹುಲಿಗ್ಯೋ ಹುಲಿಗ್ಯೋ!" ಎಂದು ಕೂಗಿ ಬಿಟ್ಟ. ಕಡಬು ಗುಂಯ್ ಎಂದು ಹೋಗಿ ನಡುಹೊಲದ ಹಿಮದಲ್ಲಿ ಹೂತುಹೋಯಿತು.

"ಚಳಾಂಬರಿಗ್ಯೋ!" ಎಂದು ಇಂಡಿ ನೀರು ಚಿಮುಕಿಸಿದ. ಬಾಗೇವಾಡಿಯೂ ಕೂಗಿದ. ಊರು ಬಿಟ್ಟು ಬಹಳ ದಿನವಾಗಿತ್ತು, ಎಲ್ಲರೂ ಜೋರಾಗಿಯೇ ಕೂಗಿದರು. ಮೂಲೆ ಮೂಲೆಗೆ ಕಡಬು ಹಾರಿದವು. ಮುದುಕನೂ ಎರಡು ಕೈ ಎತ್ತಿ "ಹುಲಿಗ್ಯೋ!" ಎಂದ. ನಾನೂ ಕೂಗಿದೆ. ಒಂದೇ ಸಲ.

ಬುಟ್ಟಿ ಬರಿದಾಗುವಷ್ಟರಲ್ಲಿ ಕ್ಯಾಂಪಿನ ವೈರ್‌ಲೆಸ್ ಅರಚಿಕೊಳ್ಳತೊಡಗಿತ್ತು. ಮೇಲಿನವರ ಮಾತು: "ನೀಲಿ ಟೋಪಿಯವರು ಹೊಲಕ್ಕೆ ದುಂಡನೆಯ ವಸ್ತು ಎಸೆಯುತ್ತಿದ್ದಾರೆ." ಕೆಳಗಿನವರ ಮಾತು: "ಎಸೆದು ಕೂಗುತ್ತಿದ್ದಾರೆ."

ಸ್ವಲ್ಪ ಹೊತ್ತಿನಲ್ಲಿ ಗಡ್ಡದವನು ಮೇಲಿನಿಂದ ಬಂದ, ಕನ್ನಡಕದವನು ಕೆಳಗಿನಿಂದ ಬಂದ. ಇಬ್ಬರ ಹಿಂದೆಯೂ ಬಂದೂಕು ಹಿಡಿದ ಮಂದಿ. ಅವರಿಬ್ಬರೂ ಒಂದೇ ಗೇಟಿನಲ್ಲಿ ನಿಂತದ್ದು ಅದೇ ಮೊದಲು. ಮೇಜರ್ ಸಾಹೇಬರ ಮುಖ ಕೆಂಪಾಗಿತ್ತು.

"ಏನು ಎಸೆದೆ?"

"ಕಡಬ್ರಿ" ಎಂದ ಸಿಂದಗಿ.

"ಯಾಕೆ?"

"ಹೊಲಕ್ಕ ಉಣ್ಣಾಕ್ರಿ."

"ಆ ಕೂಗಿನ ಅರ್ಥವೇನು?"

ಸಿಂದಗಿ ನನ್ನನ್ನು ನೋಡಿದ. ನಾನು ಇಂಡಿಯನ್ನು ನೋಡಿದೆ.

"ಗೊತ್ತಿಲ್ರಿ ಸಾಹೇಬ್ರ" ಎಂದ ಇಂಡಿ. "ನಮ್ಮ ಅಜ್ಜಗಳಿಗೂ ಗೊತ್ತಿದ್ದಿಲ್ಲ. ಆದ್ರ ಒದರೂದು ಬಿಟ್ಟಿದ್ದಿಲ್ಲ."

ಕಮಾಂಡರುಗಳು ನಂಬಲಿಲ್ಲ. ಇದು ಎದುರಿನವರ ಪರವಾಗಿ ನಾವು ಇಟ್ಟ ಬಾಂಬು ಎಂದು ಇಬ್ಬರಿಗೂ ಅನುಮಾನ. ಎಸೆದದ್ದನ್ನೆಲ್ಲ ತೆಗೆದು ತೋರಿಸಿ ಎಂದರು. ನಮ್ಮವರು ಒಳಗೆ ಹೋಗುವಂತಿಲ್ಲ ಎಂದರು ಮೇಜರ್ ಸಾಹೇಬರು. "ಹಾಗಾದರೆ ನನ್ನವರು ಹೋಗಿ ನೋಡುತ್ತಾರೆ" ಎಂದ ಗಡ್ಡದವನು. "ನಿನ್ನವರು ಹೋದರೆ ನನ್ನವರೂ ಹೋಗುತ್ತಾರೆ" ಎಂದ ಕನ್ನಡಕದವನು. ಬಾಂಬು ಹುಡುಕುವ ಕೋಲು ಹಿಡಿದು ಮೇಲಿನವರು ಆ ತುದಿಯಿಂದ, ಕೆಳಗಿನವರು ಈ ತುದಿಯಿಂದ ಹೊರಟರು. ಒಂದು ಗೇಣೂ ಬಿಡದೆ, ಉಸಿರು ಹಿಡಿದು.

ಮುದುಕ ಬೇಲಿಯ ತಂತಿ ಹಿಡಿದು ನಿಂತಿದ್ದ. "ನಾಳೀ, ಏ ನಾಳೀ" ಎಂದು ಇಂಡಿಯ ತೋಳು ಜಗ್ಗುತ್ತಿದ್ದ.

ಒಂದೊಂದೇ ಕಡಬು ಸಿಕ್ಕವು. ಪ್ರತಿಯೊಂದನ್ನೂ ಎರಡು ಕಡೆಯವರು ಕೂಡಿ ನೋಡಿ ಬುಟ್ಟಿಗೆ ಹಾಕಿದರು. ನಡುಹೊಲದಲ್ಲಿ ಕೋಲು ಒಮ್ಮೆಲೇ ಚೀರಿತು. ಎಲ್ಲರೂ ಬೋರಲು ಬಿದ್ದರು. ಬೇಲಿಯೊಳಗೆ ನಾವೂ ಬಿದ್ದೆವು. ಹೇಸರಗತ್ತೆ ಮಾತ್ರ ನಿಂತಿತ್ತು. ಬಹಳ ಹೊತ್ತು ಕೆದರಿ, ಊದಿ, ಮಣ್ಣು ಸರಿಸಿ ಅವರು ಒಂದು ತುಕ್ಕು ಹಿಡಿದ ಕಬ್ಬಿಣ ಮೇಲೆತ್ತಿದರು.

ಮುದುಕ ಎದ್ದು ಕುಣಿಯತೊಡಗಿದ. ಅವನ ನೇಗಿಲಿನ ಕುಳ ಅದು.

ಕೊನೆಗೆ ಕಡಬು ಎಣಿಸಿದರು. ಇಪ್ಪತ್ತು.

"ಎಷ್ಟು ಮಾಡಿದ್ದೆ?" ಎಂದರು ಮೇಜರ್ ಸಾಹೇಬರು.

"ಇಪ್ಪತ್ತೊಂದ್ರಿ" ಎಂದ ಸಿಂದಗಿ. ಅವನ ದನಿ ಸಣ್ಣಗಾಗಿತ್ತು.

ಒಂದು ಕಮ್ಮಿ. ಹೊಲದಲ್ಲಿ ಹಳ್ಳದ ಕಡೆಯ ಒಂದು ಮುಳ್ಳುಕಂಟಿಯ ಮೂಲೆ ಉಳಿದಿತ್ತು. ಎಲ್ಲರೂ ದಣಿದಿದ್ದರು. ಸಾಕು ಬಿಡಿ ಎಂದ ಕನ್ನಡಕದವನು. ಇವನು ಸಾಕು ಎನ್ನುತ್ತಾನೆ ಎಂದರೆ ಏನೋ ಇದೆ ಎಂದು ಗಡ್ಡದವನಿಗೆ ಸಂಶಯ ಬಂತು. ಆ ಒಂದು ಸಿಗುವವರೆಗೆ ಕದಲುವುದಿಲ್ಲ ಎಂದ. ಮುಳ್ಳು ಕಡಿದು ಆ ಮೂಲೆಯನ್ನೂ ಇಂಚಿಂಚು ಜಾಲಾಡಿದರು. ಬಾಂಬೂ ಸಿಗಲಿಲ್ಲ, ಕಡಬೂ ಸಿಗಲಿಲ್ಲ. ಮುಖ ಬಾಡಿಸಿಕೊಂಡು ಹೊರಗೆ ಬಂದರು.

ಆಗ ಮೇಜರ್ ಸಾಹೇಬರು ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ಕೇಳಿದರು. "ಈಗ ಹೇಳಿ. ಈ ಹೊಲದಲ್ಲಿ ಬಾಂಬ್ ಎಲ್ಲಿದೆ?"

ಇಬ್ಬರೂ ಹಿಂದೆ ತಿರುಗಿ ನೋಡಿದರು. ಹೊಲದ ತುಂಬ ಅವರವರ ಮಂದಿಯ ಹೆಜ್ಜೆ. ಒಬ್ಬರು ಹುಗಿದಿದ್ದಾರೆ ಎಂದು ಇನ್ನೊಬ್ಬರು ಹೆದರಿದ್ದರೇ ಹೊರತು ಯಾರೂ ಏನೂ ಹುಗಿದಿರಲಿಲ್ಲ. ಇಬ್ಬರೂ ಒಂದೊಂದು ಕಡಬು ಎತ್ತಿಕೊಂಡು, ಬಿಸಿ ಮಾಡಿ ತಿನ್ನುವುದು ಹೇಗೆ ಎಂದು ಸಿಂದಗಿಯನ್ನು ಕೇಳಿ, ತಮ್ಮ ತಮ್ಮ ದಾರಿ ಹಿಡಿದರು.

ಮುದುಕ ಇಂಡಿಯ ಮುಖ ನೋಡಿದ. ಹುಬ್ಬು ಏರಿಸಿದ.

"ಇವತ್ತ" ಎಂದ ಇಂಡಿ.

ಆ ಮಾತು ಮುದುಕನಿಗೆ ಹೊಸದು. ಆದರೂ ಎರಡನೆಯ ಸಲ ಹೇಳಬೇಕಾಗಲಿಲ್ಲ. ಹೇಸರಗತ್ತೆಯ ಹಗ್ಗ ಹಿಡಿದು ಹೊಲಕ್ಕೆ ಇಳಿದೇ ಬಿಟ್ಟ.

ಹಿಮ ಕರಗಿದ ಮೇಲೆ ಕಡಲೆ ಬಿತ್ತಿದ. ಗುಡಾರಕ್ಕೆ ಹೋಗಲಿಲ್ಲ. ನಾವು ಊರಿಗೆ ಹೊರಡುವ ಮುಂಚೆ ಒಂದು ಹೊರೆ ಹಸಿಗಡಲೆ ತಂದು ಗೇಟಿನಲ್ಲಿ ಹಾಕಿದ. ಬೆಂಕಿ ಮಾಡಿ ಸುಟ್ಟು, ಸುತ್ತ ಕೂತು ತಿಂದೆವು. ಮೇಜರ್ ಸಾಹೇಬರೂ ಕೂತರು. ತಿನ್ನುತ್ತ ತಿನ್ನುತ್ತ ಅವರು ತಲೆ ಕೆರೆದುಕೊಂಡರು.

"ಎಲ್ಲ ಸರಿ. ಆ ಒಂದು ಕಡಬು ಎಲ್ಲಿ ಹೋಯಿತು, ಅದೇ ನನಗೆ ತಿಳಿಯಲಿಲ್ಲ."

ಬಾಗೇವಾಡಿ ಸುಲಿದ ಕಡಲೆ ಬಾಯಿಗೆ ಹಾಕಿಕೊಂಡ. "ಅದನ್ನ ನಾ ತಿಂದೇನ್ರಿ."

"ಯಾವಾಗ?"

"ಮುಂಜಾನೇನ್ರಿ. ಕವಣಿ ಬೀಸೂಕಿಂತ ಮೊದಲ."

ಮೇಜರ್ ಸಾಹೇಬರು ಎದ್ದು ನಿಂತರು. "ಎರಡು ಫೌಜು ಹೊತ್ತು ಮುಳುಗುವವರೆಗೆ ಹುಡುಕಿದವು! ಆಗಲೇ ಬಾಯಿ ಬಿಡಲು ಏನಾಗಿತ್ತು ನಿನಗೆ?"

"ಹೇಳವ ಇದ್ನಿರಿ ಸಾಹೇಬ್ರ," ಎಂದ ಬಾಗೇವಾಡಿ, "ಆದ್ರ ಆ ಹಳ್ಳದ ಕಡೀ ಮೂಲಿ ಇನ್ನಾ ನೋಡೂದು ಉಳದಿತ್ತಲ್ರಿ."